ಕಾಲು ಬಾಕಿ

ಆಷಾಢ ಬಂತೆಂದರೆ ಸಾಲಗಾಮೆ ರಸ್ತೆಯ
ಅಷ್ಟೂ ಕಲ್ಯಾಣ ಮಂಟಪಗಳಿಗೆ ಒಂದೇ ರೋಗ.
ವಾಲಗವಿಲ್ಲ, ಒಗ್ಗರಣೆಯಿಲ್ಲ,
ಮ್ಯಾನೇಜರಿಗೆ ಕೆಲಸವಿಲ್ಲ.
ಮುನ್ನೂರು ಕುರ್ಚಿ ಒಂದರ ಮೇಲೊಂದು ಕೂತು
ನನ್ನನ್ನೇ ನೋಡುತ್ತಿರುತ್ತವೆ.

ಅಂಥದೊಂದು ಸೋಮವಾರ ಮೇಬಲ್ ಟೀಚರು ಬಂದರು.
ಚಪ್ಪಲಿ ಬಿಟ್ಟು, ಮಂಡಿಯೂರಿ,
ಮೊಸಾಯಿಕ್ ನೆಲಕ್ಕೆ ಕೆನ್ನೆ ಹಚ್ಚಿ
ಒಂದು ಕಣ್ಣು ಮುಚ್ಚಿ ನೋಡಿದರು.
ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ.
‘ಈಶಾನ್ಯಕ್ಕೆ ಒಂದು ನೂಲು ಇಳಿಜಾರು. ಪರವಾಗಿಲ್ಲ.
ಸ್ಕೇಟಿಂಗ್ ಮಕ್ಕಳಿಗೆ. ಬಾಡಿಗೆ ಎಷ್ಟು?’
ಕರೆಂಟ್ ಬಿಲ್ ಕಟ್ಟಿ ಸಾಕು, ಅಂದೆ.
ಯಾಕಂದೆನೋ ಗೊತ್ತಿಲ್ಲ.

ಮಾರನೆಯ ದಿನ ಹನ್ನೊಂದು ಮಕ್ಕಳು,
ಎಂಬತ್ತೆಂಟು ಗಾಲಿ.
ಮೊದಲ ಗಂಟೆಯಲ್ಲೇ ಒಬ್ಬಳು ಬಿದ್ದಳು.
ಗಾಲಿಗೆ ಸಿಕ್ಕಿದ್ದು ಅಕ್ಷತೆಯ ಒಂದು ಕಾಳು,
ಜ್ಯೇಷ್ಠದ ಕೊನೆಯ ಮದುವೆಯದು.
ಅವತ್ತಿನಿಂದ ನನಗೂ ಒಂದು ಕೆಲಸ:
ಹೆಂಡತಿಯ ಹೇರ್‌ಪಿನ್ ಹಿಡಿದು
ನೆಲದ ಸಂದು ಸಂದು ಕೆರೆಯುವುದು.
ಎಷ್ಟು ಆಶೀರ್ವಾದ ಅಲ್ಲೇ ಹೂತಿತ್ತು ಅಂತೀರಿ,
ಯಾರ ತಲೆಗೂ ತಲುಪದೆ!

‘ಸೀಸನ್‌ನಲ್ಲಿ ಬರೋದನ್ನ ಮಾಡಿ ತೋರಿಸಬೇಕು.
ಈಗ ಬಾರದ್ದನ್ನ,’ ಅನ್ನುತ್ತಿದ್ದರು ಟೀಚರು.

ಪೆನ್ಷನ್ ಮೊಹಲ್ಲಾದ ಶಮೀನಾಗೆ ಬಾರದ್ದು ಡಬಲ್ ಸಾಲ್ಕೋ.
ಹಾರುತ್ತಾಳೆ. ಒಂದು ಸುತ್ತು. ಅರ್ಧ. ಮುಕ್ಕಾಲು.
ಆಮೇಲೆ ನೆಲ.
ಅವಳಪ್ಪ ಹತ್ತಿ ಹಿಂಜುವವನು,
ಹಳೇ ಹಾಸಿಗೆ ಎರಡು ಆಟೋದಲ್ಲಿ ತಂದು ಹಾಸಿದ.
ಮೊದಲು ಬರಿಗಾಲಲ್ಲಿ ಹಾಸಿಗೆಯ ಮೇಲೆ,
ಆಮೇಲೆ ಹಾಸಿಗೆಯ ಪಕ್ಕ,
ಬೂಟು ಹಾಕಲು ಬಿಟ್ಟದ್ದು ಎಂಟನೆಯ ದಿನ.
‘ಮಗಳ ಜೊತೆ ಹಾಸಿಗೆ ಛತ್ರಕ್ಕೆ ಬರೋದು
ನಿಖಾ ದಿನ ಅಂದ್ಕೊಂಡಿದ್ದೆ ಸಾರ್,’
ನಕ್ಕ. ಹೊಲಿಗೆ ಬಿಟ್ಟದ್ದು ಕಂಡು
ದಬ್ಬಳ ತೆಗೆದು ಅಲ್ಲೇ ಕೂತ.

ಹಿಮದ ಅಂಗಳ ದೆಹಲಿಯ ಆಚೆ ಎಲ್ಲೋ ಇದೆಯಂತೆ.
ಅಲ್ಲಿಗೆ ದಾರಿ: ಜಿಲ್ಲೆ ಗೆಲ್ಲಬೇಕು, ರಾಜ್ಯ ಗೆಲ್ಲಬೇಕು,
ಒಂದು ಶಿಬಿರ, ಒಂದು ಪರೀಕ್ಷೆ,
ಎರಡು ರಾತ್ರಿ ರೈಲು.
ಶಮೀನಾ ಕಂಡ ಹಿಮ
ಮೀನು ಮಾರ್ಕೆಟ್ಟಿನ ಹಿಂದೆ ಗೋಣಿ ಹೊದ್ದ ಗಡ್ಡೆ.
ಬೆರಳಿಟ್ಟು ನೋಡಿ, ‘ಇದರ ಮೇಲಾ?’
ಎಂದು ಕೇಳಿ, ಬೆರಳನ್ನು ಬಾಯಿಗಿಟ್ಟುಕೊಂಡಳಂತೆ.

ಭೀಮನ ಅಮಾವಾಸ್ಯೆಯ ಹಿಂದಿನ ಭಾನುವಾರ ಸ್ಪರ್ಧೆ.
ಕಪ್ಪಿಲ್ಲ, ಪದಕವಿಲ್ಲ, ಮೊದಲೇ ಹೇಳಿದ್ದರು.
ಮೈಸೂರಿಂದ ಒಬ್ಬರು, ಮಂಗಳೂರಿಂದ ಒಬ್ಬರು,
ಅಂಕದ ಹಾಳೆ ಇಬ್ಬರೂ ತಂದಿರಲಿಲ್ಲ.
ನಾನು ಮುಯ್ಯಿ ಪುಸ್ತಕ ಕೊಟ್ಟೆ.
ಎಡಕ್ಕೆ ಮಗುವಿನ ಹೆಸರು, ಬಲಕ್ಕೆ ಅಂಕ,
ಕೆಳಗೆ ಸಣ್ಣಕ್ಷರದಲ್ಲಿ ತಪ್ಪಿದ್ದೆಲ್ಲಿ ಅಂತ:
‘ಒಳ ಅಂಚು ಬೇಗ ಬಿಟ್ಟಿದ್ದಾಳೆ.’
‘ಭುಜಕ್ಕೆ ಕಾಯಲು ಕಲಿಸಿ.’
ಆರು ವರ್ಷದ ಪಾವನಿಯ ಹೆಸರಿನೆದುರು
‘ಪ್ರೇಕ್ಷಕರಿಗೆ ಟಾಟಾ ಮಾಡಬಾರದು.’

ಶಮೀನಾ ಹಾರಿದಳು.
ನಾನು ಕಣ್ಣು ಮುಚ್ಚಲಿಲ್ಲ, ಅವಳಪ್ಪ ಮುಚ್ಚಿದ.
ಸದ್ದು ಕೇಳಿದಾಗ ಅವನ ಕೈ
ಇಲ್ಲದ ಹಾಸಿಗೆಯನ್ನು ಮುಂದಕ್ಕೆ ತಳ್ಳಿತು.
ಹಾಡು ನಿಲ್ಲಲಿಲ್ಲ. ಅವಳೂ ಎದ್ದು
ಉಳಿದ ಒಂದೂವರೆ ನಿಮಿಷ ಮುಗಿಸಿ,
ನಮಸ್ಕಾರ ಮಾಡಿ,
ಆಮೇಲೆ ಮೊಣಕೈ ನೋಡಿಕೊಂಡಳು.

ಶ್ರಾವಣದ ಮೊದಲ ಲಗ್ನ.
ಮುಯ್ಯಿ ಬರೆಯಲು ಕೂತ ಗಂಡಿನ ಸೋದರಮಾವ
ಪುಟ ತಿರುವುತ್ತ ತಡೆದ.
‘ಇದ್ಯಾರ್ರೀ ಶಮೀನಾ? ನಮ್ಮ ಕಡೆಯವರಾ?
ಮುಂದೆ ಒಂದೂ ಮುಕ್ಕಾಲು ಅಂತಿದೆ,
ರೂಪಾಯೋ, ತೊಲವೋ?’

ಸುತ್ತು, ಅಂದೆ.
ಕಾಲು ಬಾಕಿ ಇದೆ.
ಆ ಪುಟ ಹರೀಬೇಡಿ, ಪಕ್ಕದಿಂದ ಬರೀರಿ.